ಅಳೆಯದೆ ಸುರಿದ ಮರಳು

ಕಡಲಿಗೆ ಮರಳು ಸುರಿದು ಪ್ರವಾಸಿಗಳಿಗಾಗಿ ದ್ವೀಪ ಕಟ್ಟುವ ಚಟದ ಬಗ್ಗೆ ಕಳೆದ ಮಳೆಗಾಲದಲ್ಲಿ ನಾನೊಂದು ಲೇಖನ ಬರೆದಿದ್ದೆ. ಬಂದ ಪತ್ರಗಳಲ್ಲಿ ಹೊಗಳಿದವು ಎರಡೇ ಎರಡು. ಉಳಿದವೆಲ್ಲ ಜಗಳಕ್ಕೆ ಬಂದವು. ಅವುಗಳಲ್ಲೂ ಹೆಚ್ಚಿನವು ನಮ್ಮವರದೇ: ದುಬೈ, ಅಬುಧಾಬಿ, ದೋಹಾಗಳಲ್ಲಿ ದುಡಿಯುವ ಕರಾವಳಿಯ ಮಂದಿಯದು. ಉಂಡ ಮನೆಗೆ ಎರಡು ಬಗೆಯುವವನು ಎಂದು ಒಬ್ಬರು ಬರೆದಿದ್ದಾರೆ. ಹಾಗೆ ಬರೆಯಲು ಅವರಿಗೆ ಕಾರಣವಿದೆ. 2003ರಿಂದ 2009ರ ತನಕ ನಾನೂ ದುಬೈಯಲ್ಲಿದ್ದವನು. ಕಲ್ಲು ಸಾಗಿಸುವ ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಬೆಟ್ಟದ ಕ್ವಾರಿಯಿಂದ ದಕ್ಕೆಗೆ ಹೋದ ಲಾರಿಗಳ ಟ್ರಿಪ್ ಶೀಟುಗಳಿಗೆ ಮುದ್ರೆ ಒತ್ತಿ ಒತ್ತಿ ಬಲಗೈ ಹೆಬ್ಬೆರಳಿನ ನೇರಳೆ ಶಾಯಿ ಶುಕ್ರವಾರದ ರಜೆಯಲ್ಲೂ ಹೋಗುತ್ತಿರಲಿಲ್ಲ. ಆ ಸಂಬಳದಲ್ಲಿ ತಂಗಿಯ ಮದುವೆಯಾಯಿತು, ಉಳ್ಳಾಲದ ಮನೆಯ ಹೆಂಚು ಇಳಿದು ಆರ್‌ಸಿಸಿ ಬಂತು. ಉಪ್ಪಿನ ಋಣ ನನಗೂ ಇದೆ. ಆದರೆ ಋಣ ಇದ್ದವನು ಲೆಕ್ಕ ಕೇಳಬಾರದು ಎಂಬುದನ್ನು ಮಾತ್ರ ಒಪ್ಪಲಾರೆ. ಗುಮಾಸ್ತನಿಗೆ ಬೇರೆ ಏನು ಕೆಲಸ?

ಪತ್ರಗಳ ವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಬರೆದವರ ಹೆಸರು ಹೇಳುವುದಿಲ್ಲ. ನನ್ನ ತಕರಾರು ವಾದದ ಜೊತೆ, ಅವರ ಜೊತೆಗಲ್ಲ.

ಹೆಚ್ಚು ಜನ ಕೇಳಿದ್ದು ಒಂದೇ ಪ್ರಶ್ನೆ: ಅಲ್ಲೇನಿತ್ತು ಮಹಾ? ಬರೀ ಉಪ್ಪುನೀರು, ಕೆಳಗೆ ಬರೀ ಮರಳು. ಯಾರ ಮನೆಯನ್ನೂ ಕೆಡವಲಿಲ್ಲ, ಯಾರ ಗದ್ದೆಯನ್ನೂ ಕಿತ್ತುಕೊಳ್ಳಲಿಲ್ಲ, ಒಂದು ಮರ ಕಡಿಯಲಿಲ್ಲ. ನಂದಿಕೂರು, ಕೈಗಾಗಳ ವಿದ್ಯುತ್ ಸ್ಥಾವರಗಳ ಬಳಿ ಪರಿಸರ ಎಂದು ಕೂಗಿದರೆ ಅರ್ಥವಿದೆ, ಖಾಲಿ ಕಡಲಿನಲ್ಲಿ ಏನು ಪರಿಸರ?

ಕೊಲ್ಲಿಗೆ ಮುಳುಗಿ ಹೊಟ್ಟೆ ಹೊರೆದವರ ಮೊಮ್ಮಕ್ಕಳನ್ನು ಈ ಪ್ರಶ್ನೆ ಕೇಳಿ ನೋಡಬೇಕು. ಎಣ್ಣೆ ಸಿಗುವ ಮುಂಚೆ ಆ ಊರುಗಳೆಲ್ಲ ಬದುಕಿದ್ದು ತಳದಲ್ಲಿದ್ದ ಮುತ್ತಿನ ಚಿಪ್ಪುಗಳಿಂದ. 1930ರ ದಶಕದಲ್ಲಿ ಜಪಾನಿನ ಸಾಕಿದ ಮುತ್ತು ಮಾರುಕಟ್ಟೆಗೆ ಬಂದು ಆ ಕಸುಬು ನೆಲ ಕಚ್ಚಿತು, ಅದು ಬೇರೆ ಮಾತು. ಚಿಪ್ಪಿನ ಹಾಸುಗಳು ಇದ್ದವು ತಾನೇ? ದೋಹಾದ ಹೊರಗೆ ಕಟ್ಟಿದ ಕೃತಕ ದ್ವೀಪಕ್ಕೆ ‘ಪರ್ಲ್’ ಎಂದು ಹೆಸರಿಟ್ಟಿದ್ದಾರೆ. ಅದು ನಿಂತಿರುವುದು ಹಿಂದೆ ಮುತ್ತಿಗಾಗಿ ಮುಳುಗುತ್ತಿದ್ದ ಜಾಗದಲ್ಲೇ. ಸತ್ತವರ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲೂ ಇದೆ, ಆದರೆ ನಾವು ಕೊಂದವರ ಹೆಸರನ್ನು ಇಡುವುದಿಲ್ಲ.

ಕೊಲ್ಲಿ ಆಳವಾದ ಸಮುದ್ರವಲ್ಲ. ಸರಾಸರಿ ಆಳ ಸುಮಾರು 35 ಮೀಟರ್. ದಡದ ಹತ್ತಿರವಂತೂ ಬಿಸಿಲು ತಳ ಮುಟ್ಟುತ್ತದೆ. ಬಿಸಿಲು ಮುಟ್ಟಿದಲ್ಲಿ ಕಡಲಹುಲ್ಲು ಬೆಳೆಯುತ್ತದೆ. ನಮ್ಮ ಬೈಲುಗದ್ದೆಯಷ್ಟು ಹಸಿರಾಗಿ ಕಾಣದಿದ್ದರೂ ಅದು ಹುಲ್ಲುಗಾವಲೇ. ಸಿಗಡಿಯ ಮರಿ, ಮೀನಿನ ಮರಿ ಅದರ ಬುಡದಲ್ಲಿ ಅಡಗಿ ಬೆಳೆಯುತ್ತವೆ. ಅದನ್ನು ಮೇಯಲೆಂದೇ ಒಂದು ಪ್ರಾಣಿಯಿದೆ, ಕಡಲಹಸು. ಎಮ್ಮೆಯ ಮೈ, ಮೀನಿನ ಬಾಲ. ದಿನಕ್ಕೆ 30-40 ಕಿಲೋ ಹುಲ್ಲು ಬೇಕು. ಆಸ್ಟ್ರೇಲಿಯಾ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಡಲಹಸುಗಳಿರುವುದು ಈ ಕೊಲ್ಲಿಯಲ್ಲಿ. ಇನ್ನು ಅಲ್ಲಿನ ಹವಳ. ಬೇಸಿಗೆಯಲ್ಲಿ 35 ಡಿಗ್ರಿ ದಾಟುವ ನೀರಿನಲ್ಲಿ ಬದುಕುವ ಗಟ್ಟಿ ಜಾತಿ ಅದು. ಬೇರೆ ಕಡೆಯ ಹವಳ ಆ ಬಿಸಿಗೆ ಬೆಂದೇ ಹೋಗುತ್ತದೆ. ಭೂಮಿ ಬಿಸಿಯಾಗುವ ಕಾಲದಲ್ಲಿ ಹವಳ ಹೇಗೆ ಉಳಿದೀತು ಎಂದು ತಿಳಿಯಲು ಜಗತ್ತಿನ ವಿಜ್ಞಾನಿಗಳು ಕೊಲ್ಲಿಗೇ ಬರುತ್ತಾರೆ. ದುಬೈಯಲ್ಲಿ ತಾಳೆಮರದ ಆಕಾರದ ಪಾಮ್ ಜೆಬೆಲ್ ಅಲಿ ದ್ವೀಪವನ್ನು ಸುರಿದದ್ದು ಇಂಥ ಹವಳವಿದ್ದ, ರಕ್ಷಿತ ಪ್ರದೇಶವೆಂದು ಮೊದಲೇ ಸಾರಿದ್ದ ಕಡಲಿನಲ್ಲಿ. ಖಾಲಿ ಎಂದು ಕಂಡದ್ದು ನೋಡಿದವರು ನೀರಿನ ಮೇಲೆ ನಿಂತಿದ್ದರಿಂದ.

ಎರಡನೆಯ ವಾದ ಕೇಳಿ ನಗು ಬಂತು, ಆದರೆ ನಾನೂ ಮೊದಲು ಹಾಗೇ ನಂಬಿದ್ದೆ. ಮರಳಿಗೇನು ಬರ, ಸುತ್ತ ಮರುಭೂಮಿಯೇ ಬಿದ್ದಿದೆಯಲ್ಲ ಎಂದು ಒಬ್ಬರು ಬರೆದಿದ್ದಾರೆ. ನಮ್ಮೂರಿನಲ್ಲಿ ನೇತ್ರಾವತಿಯ ಮರಳಿಗೆ ರಾತ್ರಿ ಪೊಲೀಸ್ ಜೀಪು ಓಡುವಾಗ ಅಲ್ಲಿ ಬೊಗಸೆ ಬೊಗಸೆ ಎತ್ತಿ ಎಸೆಯುವಷ್ಟು ಇದೆಯಂತೆ.

ಸ್ವಾಮೀ, ಮರುಭೂಮಿಯ ಮರಳಿನಿಂದ ದ್ವೀಪ ಕಟ್ಟಲು ಬರುವುದಿಲ್ಲ. ಸಾವಿರಾರು ವರ್ಷ ಗಾಳಿಗೆ ಉರುಳಿ ಉರುಳಿ ಅದರ ಕಾಳು ಸಾಸಿವೆಯಂತೆ ದುಂಡಗೆ, ನುಣ್ಣಗೆ ಆಗಿರುತ್ತದೆ. ನೀರಿಗೆ ಹಾಕಿದರೆ ಒಂದಕ್ಕೊಂದು ಹಿಡಿಯದೆ ಜಾರುತ್ತದೆ. ಆದ್ದರಿಂದ ದುಬೈಯದೇ ಇನ್ನೊಂದು ತಾಳೆಯಾಕಾರದ ದ್ವೀಪ ಪಾಮ್ ಜುಮೇರಾಕ್ಕೆ ಬೇಕಾದ ಸುಮಾರು 9.4 ಕೋಟಿ ಘನ ಮೀಟರ್ ಮರಳನ್ನು ಬಾಚಿದ್ದು ಸಮುದ್ರದ ತಳದಿಂದಲೇ. ಒಂದು ಟಿಪ್ಪರಿಗೆ 10 ಘನ ಮೀಟರ್ ಎಂದು ಧಾರಾಳವಾಗಿ ಹಿಡಿಯಿರಿ, 94 ಲಕ್ಷ ಲೋಡು. ಆಮೇಲೆ ಬಂದ ‘ದಿ ವರ್ಲ್ಡ್’, ಅಂದರೆ ಜಗತ್ತಿನ ನಕ್ಷೆಯ ಆಕಾರದ 300 ದ್ವೀಪಗಳ ಗುಂಪು, ಇದರ ಮೂರು ಪಟ್ಟಿಗೂ ಹೆಚ್ಚು ನುಂಗಿತು: 32 ಕೋಟಿ ಘನ ಮೀಟರ್.

ಆ ಕೆಲಸ ನಡೆಯುವುದನ್ನು ನಾನು ಕಂಡಿದ್ದೇನೆ. ಹಡಗಿನ ಹೊಟ್ಟೆಯಿಂದ ಒಂದು ಕೊಳವೆ ಮುಂದಕ್ಕೆ ಚಾಚಿರುತ್ತದೆ. ಅದರ ಬಾಯಿಂದ ಮರಳು ನೀರಿನ ಜೊತೆ ಸೇರಿ ಕಮಾನಿನಂತೆ ಚಿಮ್ಮಿ ದೂರದಲ್ಲಿ ಬೀಳುತ್ತದೆ. ಕೆಲಸದವರು ಅದಕ್ಕೆ ಕಾಮನಬಿಲ್ಲು ಎನ್ನುತ್ತಾರೆ, ರೈನ್‌ಬೋಯಿಂಗ್. ಸಂಜೆಯ ಬಿಸಿಲಲ್ಲಿ ಚೆಂದವಾಗಿಯೇ ಕಾಣುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಹಡಗಿನ ಸುತ್ತ ನೀಲಿ ನೀರು ಹೋಗಿ ಬೂದಿ ಕಲಸಿದ ಹಾಲಿನ ಬಣ್ಣ ಬಂದಿರುತ್ತದೆ. ಆ ಬಣ್ಣ ಹಡಗಿನ ಜೊತೆ ನಿಲ್ಲುವುದಿಲ್ಲ, ಪ್ರವಾಹ ಹೋದ ಕಡೆ ಹೋಗುತ್ತದೆ. ಬಾಚಿದ ಜಾಗದಲ್ಲಿ ಇದ್ದುದೆಲ್ಲ ಹಡಗಿನ ಹೊಟ್ಟೆ ಸೇರಿತು, ಸುರಿದ ಜಾಗದಲ್ಲಿ ಇದ್ದುದೆಲ್ಲ ಹೂತುಹೋಯಿತು, ನಡುವೆ ಇದ್ದುದಕ್ಕೆ ಬಿಸಿಲು ತಪ್ಪಿತು. ಹುಲ್ಲಿಗೂ ಹವಳಕ್ಕೂ ಬಿಸಿಲೇ ಅನ್ನ. ದ್ವೀಪದ ವಿಸ್ತೀರ್ಣ ಇಷ್ಟು ಹೆಕ್ಟೇರು ಎಂದು ಕಂಪನಿಗಳು ಹೇಳುವಾಗ ಮೂರು ಖಾತೆಗಳಲ್ಲಿ ಒಂದನ್ನಷ್ಟೇ ಓದಿ ಹೇಳುತ್ತಿರುತ್ತಾರೆ.

ಮರಳು ಮತ್ತೆ ಬರುತ್ತದೆ ಎಂದು ಮರುಭೂಮಿಯ ಮಾತೆತ್ತಿದ ಅದೇ ಪತ್ರದ ಕೊನೆಯಲ್ಲಿದೆ. ನಮ್ಮಲ್ಲಿ ಬರುತ್ತದೆ, ಆದೀತು. ಮಳೆ ಹಿಡಿದರೆ ಘಟ್ಟ ತೊಳೆದು ನೇತ್ರಾವತಿ ಒಂದಿಷ್ಟು ತಂದು ಹಾಕುತ್ತಾಳೆ, ಅಣೆಕಟ್ಟು ಬಿಟ್ಟರೆ. ದುಬೈಯ ಕಡೆಯ ಕಡಲಿಗೆ ಹೇಳಿಕೊಳ್ಳುವಂಥ ನದಿ ಯಾವುದಿದೆ? ಅಲ್ಲಿನ ತಳದ ಮರಳಿನ ಬಹುಪಾಲು ಚಿಪ್ಪು, ಹವಳಗಳು ಸತ್ತು ಸವೆದು ಪುಡಿಯಾದದ್ದು. ಚಿಪ್ಪು ಬೆಳೆಯುವ ಜಾಗವನ್ನೇ ಬಾಚಿದ ಮೇಲೆ ಮರಳು ಹುಟ್ಟಬೇಕಾದದ್ದು ಎಲ್ಲಿಂದ? ಜಗತ್ತಿನ ಸಮುದ್ರಗಳಿಂದ ವರ್ಷಕ್ಕೆ 400ರಿಂದ 800 ಕೋಟಿ ಟನ್ ಮರಳು ಮೇಲೆತ್ತಲಾಗುತ್ತಿದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2023ರಲ್ಲಿ ಅಂದಾಜು ಕೊಟ್ಟಿತು. ನದಿಗಳು ಕಡಲಿಗೆ ತರುವುದು 1000ದಿಂದ 1600 ಕೋಟಿ ಟನ್. ಜಮಾ ಹೆಚ್ಚಿದೆಯಲ್ಲ ಎನ್ನಬೇಡಿ. ಗಂಗೆ ಬಂಗಾಳದಲ್ಲಿ ಕಟ್ಟಿದ ಜಮೆಯ ಮೇಲೆ ದುಬೈ ಚೆಕ್ ಹರಿಯಲಾಗುವುದಿಲ್ಲ. ಹೊಳೆಗೆ ಸುರಿದರೂ ಅಳೆದು ಸುರಿ ಎಂದು ಹೇಳಿದ ಹಿರಿಯರು ಕಡಲಿಗೆ ಸುರಿಯುವ ಮಕ್ಕಳು ಹುಟ್ಟುತ್ತಾರೆಂದು ಎಣಿಸಿರಲಿಕ್ಕಿಲ್ಲ.

ಈಗ ಅತ್ಯಂತ ಗಟ್ಟಿಯಾದ ವಾದ. ಬರೆದವರು ಮುಳುಗು ಹವ್ಯಾಸದ ಒಬ್ಬ ಎಂಜಿನಿಯರ್. ಪಾಮ್ ಜುಮೇರಾದ ಸುತ್ತ 11 ಕಿಲೋಮೀಟರ್ ಉದ್ದದ ಅರ್ಧಚಂದ್ರಾಕಾರದ ಅಲೆತಡೆ ಇದೆ. 70 ಲಕ್ಷ ಟನ್ ಕಲ್ಲಿನದು. ಅದರ ಹೊರಮೈಗೆ ಅವರು ಎಷ್ಟೋ ಸಲ ಇಳಿದಿದ್ದಾರಂತೆ. ಕಲ್ಲಿಗೆ ಹವಳ ಹಿಡಿದಿದೆ, ಹಮ್ಮೂರ್ ಮೀನು ಓಡಾಡುತ್ತದೆ, ಬರೀ ಮರಳಿದ್ದಲ್ಲಿ ಈಗ ಜೀವ ಬಂದಿದೆ. ಇದನ್ನು ನಾಶ ಎಂದು ಹೇಗೆ ಕರೆಯುತ್ತೀರಿ ಎಂದು ಕೇಳಿದ್ದಾರೆ.

ಅವರು ಕಂಡದ್ದು ನಿಜ. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿರುವ ಜೀವವಿಜ್ಞಾನಿ ಜಾನ್ ಬರ್ಟ್ ಮತ್ತು ಅವರ ಸಂಗಡಿಗರೂ ಅದನ್ನೇ ಕಂಡರು. ದುಬೈಯ ಹಳೆಯ ಅಲೆತಡೆಗಳ ಕಲ್ಲಿನ ಮೇಲೆ ಹವಳ ದಟ್ಟವಾಗಿಯೇ ಬೆಳೆದಿದೆ. ನನ್ನ ಮೊದಲಿನ ಲೇಖನದಲ್ಲಿ ಈ ಮಾತು ಬಿಟ್ಟುಹೋಗಿತ್ತು, ತಪ್ಪು ನನ್ನದೇ. ಆದರೆ ಆ ಅಧ್ಯಯನಗಳು ಅಲ್ಲಿಗೇ ನಿಲ್ಲಲಿಲ್ಲ. ಅಲೆತಡೆಯ ಮೇಲಿನ ಹವಳ-ಮೀನುಗಳ ಕೂಟಕ್ಕೂ ಸಹಜ ದಿಬ್ಬದ ಕೂಟಕ್ಕೂ ಹೋಲಿಕೆ ಇಲ್ಲ, ಒಂದು ಇನ್ನೊಂದಕ್ಕೆ ಬದಲಿಯಾಗದು ಎಂಬುದೂ ಅವೇ ತೋರಿಸಿದ ಸಂಗತಿ.

ಇದನ್ನು ನನಗೆ ಅರ್ಥ ಮಾಡಿಸಿದ್ದು ಉಳ್ಳಾಲದ ಕಲ್ಲುಗಳು. ನಮ್ಮ ಅಲೆತಡೆಯ ಬಂಡೆಗಳಿಗೂ ಪಚ್ಚಿಲೆ ಹಿಡಿಯುತ್ತದೆ. ಭಾನುವಾರ ಬೆಳಿಗ್ಗೆ ಹುಡುಗರು ಅದರ ಮೇಲೆ ಕುಕ್ಕರಗಾಲಿನಲ್ಲಿ ಕೂತು ಗಾಳ ಹಾಕಿದರೆ ಒಮ್ಮೊಮ್ಮೆ ಕೆಂಬೇರಿಯೂ ಸಿಗುತ್ತದೆ, ಸಿಕ್ಕಿದ ದಿನ ಊರಿಗೆಲ್ಲ ಸುದ್ದಿ. ಅದನ್ನು ಕಂಡು, ನೋಡಿ ಮೀನುಗಾರಿಕೆ ಬೆಳೆದಿದೆ ಎಂದು ಪೇಟೆಯವರು ಹೇಳಿಯಾರು. ಆದರೆ ನನ್ನ ಮಾವ ಕೈರಂಪಣಿಯವರು. ಮೂವತ್ತು ಜನ ಹಗ್ಗ ಹಿಡಿದು ಬಲೆಯನ್ನು ಮರಳಿಗೆ ಎಳೆಯುವ ಕಸುಬು. ಅದಕ್ಕೆ ಬೇಕಾದದ್ದು ಅಗಲವಾದ ಮರಳಿನ ದಡ. ದಡ ಹೋಯಿತು, ಕಲ್ಲು ಬಂತು, ಬಲೆ ಅಟ್ಟ ಸೇರಿತು. ಇಲಿ ಕಡಿದು ಈಗ ಅದರಲ್ಲಿ ಬೂತಾಯಿ ನಿಲ್ಲುವುದಿರಲಿ, ಕುಂಬಳಕಾಯಿಯೂ ನಿಲ್ಲದು. ಕಲ್ಲಿನ ಮೀನು ಬೇರೆ, ಮರಳಿನ ಮೀನು ಬೇರೆ. ಕಡಲಹಸು ಬಂಡೆ ಮೇಯುವುದಿಲ್ಲ. ಅಕ್ಕಿ ಮುಡಿ ಕಳೆದುಕೊಂಡವನಿಗೆ ತೆಂಗಿನಕಾಯಿ ಕೊಟ್ಟು, ತೂಕ ಸರಿ ಇದೆ ನೋಡು ಎಂದ ಹಾಗಾಯಿತು.

ಇನ್ನೊಂದು ಮಾತು ಆ ಎಂಜಿನಿಯರ್ ಮಿತ್ರರಿಗೆ. ನೀವು ಇಳಿದದ್ದೆಲ್ಲ ಅಲೆತಡೆಯ ಹೊರಮೈಗೆ. ಒಳಗಿನ ಕಾಲುವೆಗಳಿಗೆ, ಆ ತಾಳೆಗರಿಗಳ ನಡುವೆ, ಒಮ್ಮೆ ಇಳಿಯಿರಿ. ಅಲೆಯಿಲ್ಲದ ನೀರಿನಲ್ಲಿ ನುಣ್ಣನೆಯ ಕೆಸರು ತಂಗುತ್ತದೆ. ಅಲ್ಲಿ ಕಂಡದ್ದನ್ನೂ ಬರೆಯಿರಿ. ಗೇಲಿಗಲ್ಲ, ನಿಜವಾಗಿಯೂ ಓದಬೇಕೆಂದಿದ್ದೇನೆ.

ಆ ಒಳಗಿನ ನೀರಿನ ಮಾತೇ ಮುಂದಿನ ವಾದಕ್ಕೆ ಬಾಗಿಲು. ತಪ್ಪು ಆಯಿತು, ತಿದ್ದಿದರು, ವಿಜ್ಞಾನ ಮುಂದೆ ಹೋಗುವುದೇ ಹಾಗೆ ಎಂದು ಇಬ್ಬರು ಬರೆದಿದ್ದಾರೆ. ಅವರು ಹೇಳುವ ಕತೆ ಇದು: ಪಾಮ್ ಜುಮೇರಾದ ಅಲೆತಡೆಯನ್ನು ಮೊದಲು ಸಂದಿಲ್ಲದಂತೆ ಕಟ್ಟಿದರು. ಒಳಗಿನ ನೀರು ಹೊರಗೆ ಹೋಗದೆ, ಹೊರಗಿನದು ಒಳಗೆ ಬಾರದೆ ನಿಂತ ನೀರಾಗತೊಡಗಿತು. ಗೊತ್ತಾದ ಕೂಡಲೇ ಎರಡು ಕಡೆ ಕಲ್ಲು ತೆಗೆದು ಕಿಂಡಿ ಬಿಟ್ಟರು. ಭರತ-ಇಳಿತಕ್ಕೆ ನೀರು ಆಡತೊಡಗಿತು. ಸಮಸ್ಯೆ ಪರಿಹಾರ.

ಪರಿಹಾರ ಎಂಬುದನ್ನು ಒಪ್ಪುತ್ತೇನೆ, ಯಾವುದಕ್ಕೆ ಎಂದು ಕೇಳುತ್ತೇನೆ. ಕಿಂಡಿ ಬಿಟ್ಟದ್ದು ವಿಲ್ಲಾಗಳ ಹಿತ್ತಿಲಿನ ನೀರು ನಾರದಿರಲಿ ಎಂದು. ಹೂತುಹೋದ ತಳಕ್ಕೆ ಯಾವ ಕಿಂಡಿ? ಮತ್ತೆ, ಗೊತ್ತಾದದ್ದು ಯಾವಾಗ? ಕಟ್ಟುವಾಗ. ಗುತ್ತಿಗೆ ಹಿಡಿದದ್ದು ನೀರಿನ ಜೊತೆ ತಲೆತಲಾಂತರದಿಂದ ಗುದ್ದಾಡಿದ ಡಚ್ಚರ ಕಂಪನಿ, ವಾನ್ ಓರ್ಡ್. ಅವರಿಗೂ ನಕ್ಷೆಯಲ್ಲಿ ಕಾಣದ್ದು ನೀರಿನಲ್ಲಿ ಕಂಡಿತು. ಕಡಲಿಗೆ ಇಳಿದವರ ಜಾಣತನವನ್ನು ನಾನು ಹೀಯಾಳಿಸುತ್ತಿಲ್ಲ, ಕಡಲು ಯಾವ ಜಾಣನಿಗೂ ಪೂರ್ತಿ ಗುಟ್ಟು ಬಿಟ್ಟುಕೊಡುವುದಿಲ್ಲ ಎನ್ನುತ್ತಿದ್ದೇನೆ.

ಉಳ್ಳಾಲದವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನೇತ್ರಾವತಿ-ಗುರುಪುರ ಹೊಳೆಗಳ ಅಳಿವೆಯಲ್ಲಿ ದೋಣಿಗಳಿಗೆ ಅನುಕೂಲವಾಗಲಿ ಎಂದು ಅಲೆತಡೆ ಕಟ್ಟಿದರು. ಉದ್ದೇಶ ಒಳ್ಳೆಯದೇ. ದಡದುದ್ದಕ್ಕೂ ಮರಳು ನಡೆಯುತ್ತಿರುತ್ತದೆ. ಅದರ ದಾರಿಗೆ ಕಲ್ಲು ಅಡ್ಡ ಇಟ್ಟರೆ ಒಂದು ಮಗ್ಗುಲಲ್ಲಿ ರಾಶಿ, ಇನ್ನೊಂದು ಮಗ್ಗುಲಲ್ಲಿ ಬರ. ತೆಂಕಣ ಮಗ್ಗುಲು ನಮ್ಮದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಅಲ್ಲಿ ಕಲ್ಲು ಹಾಕಿದ್ದಕ್ಕೆ ಇಲ್ಲಿ ಮನೆ ಬಿತ್ತು. ಆಮೇಲೆ ಕಡಲ್ಕೊರೆತ ತಡೆಯಲು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು ಕಡಲೊಳಗೆ ಮತ್ತಷ್ಟು ಕಲ್ಲು ಹಾಕಿದರು. ಆಗ ಕೊರೆತ ಸೋಮೇಶ್ವರದ ಆಚೆಗೆ, ಉಚ್ಚಿಲದ ಕಡೆಗೆ ಸರಿಯಿತು. ಜುಲೈ ತಿಂಗಳಲ್ಲಿ ಅಧಿಕಾರಿಗಳು ಕೊಡೆ ಹಿಡಿದು ಬರುತ್ತಾರೆ, ಲಾರಿಯಲ್ಲಿ ಬಂಡೆ ಬರುತ್ತದೆ. ದುಬೈಯಲ್ಲಿ ಕಲ್ಲಿನ ಟ್ರಿಪ್ ಎಣಿಸಿದ ನಾನು ಇಲ್ಲಿ ಜಗಲಿಯ ಮೇಲೆ ಕೂತು ಮತ್ತೆ ಅದನ್ನೇ ಎಣಿಸುತ್ತೇನೆ. ಕಡಲಿನೊಳಗೆ ಇಷ್ಟುದ್ದ ಗೋಡೆ ಹಾಕಿದ್ದಕ್ಕೇ ಈ ಪಾಡಾದರೆ, 11 ಕಿಲೋಮೀಟರ್ ಕಮಾನು ಹಾಕಿದ ಊರಿನಲ್ಲಿ ದಡ ಸುಮ್ಮನಿರುತ್ತದೆಯೇ? ಅಲ್ಲೂ ಮರಳು ಒಂದೆಡೆ ಕೂಡುತ್ತದೆ, ಒಂದೆಡೆ ಸವೆಯುತ್ತದೆ. ಅಲ್ಲಿ ದುಡ್ಡಿದೆ, ತಂದು ತುಂಬುತ್ತಾರೆ. ತುಂಬುತ್ತಲೇ ಇರಬೇಕು. ಸಹಜ ದ್ವೀಪಕ್ಕೆ ಯಾರೂ ಮೇಂಟೆನೆನ್ಸ್ ಕಟ್ಟುವುದಿಲ್ಲ.

ಉದ್ಯೋಗದ ವಾದಕ್ಕೆ ಬರುತ್ತೇನೆ. ಇಲ್ಲಿ ನನ್ನ ನಾಲಗೆ ಸ್ವಲ್ಪ ಮೆತ್ತಗಾಗುತ್ತದೆ. ಬ್ಯಾರಿ, ಮೊಗವೀರ, ಬಿಲ್ಲವ, ಕ್ರಿಸ್ತುವ ಎನ್ನದೆ ನಮ್ಮ ಕರಾವಳಿಯ ಮನೆಮನೆಗೂ ಕೊಲ್ಲಿಯ ದುಡ್ಡು ಬಂದಿದೆ. ಮೀನು ಇಲ್ಲದ ವರ್ಷ ಊರು ಉಂಡದ್ದು ಆ ದುಡ್ಡಿನಿಂದ. ಪ್ರವಾಸೋದ್ಯಮ ಇಲ್ಲದಿದ್ದರೆ ಎಣ್ಣೆ ಮುಗಿದ ದಿನ ಆ ದೇಶ ಏನು ಮಾಡಬೇಕು ಎಂದು ಕೇಳುವುದೂ ನ್ಯಾಯವೇ. ಪಾಮ್ ಜುಮೇರಾ ವ್ಯಾಪಾರವಾಗಿ ಗೆದ್ದಿದೆ. 2008ರಲ್ಲಿ ಅಟ್ಲಾಂಟಿಸ್ ಹೋಟೆಲು ತೆರೆದ ಮೇಲೆ ಅಲ್ಲಿಗೆ ಜನ ಹೋಗುತ್ತಲೇ ಇದ್ದಾರೆ. ಇದನ್ನು ಇಲ್ಲ ಎನ್ನುವವನು ಕುರುಡ.

ಆದರೆ ಅದೇ 2008ನ್ನು ನಾನು ಇನ್ನೊಂದು ಕಾರಣಕ್ಕೆ ಮರೆತಿಲ್ಲ. ವರ್ಷದ ಕೊನೆಯ ಹೊತ್ತಿಗೆ ನಮ್ಮ ಮೇಜಿಗೆ ಬರುವ ಟ್ರಿಪ್ ಶೀಟಿನ ಕಟ್ಟು ದಿನಕ್ಕೊಂದಿಷ್ಟು ತೆಳ್ಳಗಾಯಿತು. ಒಂದು ಭಾನುವಾರ ಬೆಳಿಗ್ಗೆ ಬರಲೇ ಇಲ್ಲ. ಜಗತ್ತಿನ ಬ್ಯಾಂಕುಗಳು ಬಿದ್ದಿದ್ದವು. ಪಾಮ್ ಜೆಬೆಲ್ ಅಲಿಯ ಕೆಲಸ ನಿಂತಿತು, ಸಾಗಿಸಿದ ಕಲ್ಲಿನ ಬಿಲ್ಲು ಪಾಸಾಗಲಿಲ್ಲ, ಕ್ಯಾಂಪಿನಲ್ಲಿದ್ದ ಡ್ರೈವರುಗಳು ಮೂರು ತಿಂಗಳ ಸಂಬಳ ಬಾಕಿ ಬಿಟ್ಟು ವಿಮಾನ ಹತ್ತಿದರು. ಅವರ ಹಿಂದೆಯೇ ನಾನು. ಅಲ್ಲಿ ಸುರಿದ ಮರಳು ಮಾತ್ರ ಸುರಿದಲ್ಲೇ ಇತ್ತು. 2002ರಲ್ಲಿ ಶುರುವಾದ ಆ ದ್ವೀಪ ಮನೆಯಿಲ್ಲದೆ, ಮನುಷ್ಯರಿಲ್ಲದೆ ಹದಿನೈದು ವರ್ಷ ಬಿಸಿಲು ಕಾಯಿಸಿತು. 2023ರಲ್ಲಿ ಮತ್ತೆ ಕೈಗೆತ್ತಿಕೊಂಡಿದ್ದಾರೆ. ‘ದಿ ವರ್ಲ್ಡ್’ನ ಮರಳು ತುಂಬುವ ಕೆಲಸ 2008ರ ಜನವರಿಯಲ್ಲಿ ಮುಗಿದಿತ್ತು. ದೇಶಗಳ ಹೆಸರಿಟ್ಟು ದ್ವೀಪಗಳನ್ನು ಮಾರಿದರು. ಆಮೇಲೆ ವರ್ಷಗಟ್ಟಲೆ ಅಲ್ಲಿ ಇದ್ದದ್ದು ಹಕ್ಕಿಯ ಹಿಕ್ಕೆ. ಈಗಲೂ 300ರಲ್ಲಿ ಕಟ್ಟಡ ಎದ್ದಿರುವುದು ಬೆರಳೆಣಿಕೆಯ ದ್ವೀಪಗಳಲ್ಲಿ. ಅವು ಕರಗಿ ಕಡಲಿಗೆ ವಾಪಸಾಗುತ್ತಿವೆ ಎಂದು 2011ರಲ್ಲಿ ಒಂದು ದೋಣಿ ಕಂಪನಿ ಅಲ್ಲಿನ ನ್ಯಾಯಮಂಡಳಿಯ ಮುಂದೆ ವಾದಿಸಿತು. ಕಟ್ಟಿದವರು ಅಲ್ಲಗಳೆದರು. ದೋಣಿಯವರು ಸೋತರು. ಕರಗುತ್ತಿದೆಯೋ ಇಲ್ಲವೋ, ನನ್ನ ತಕರಾರು ಅದಲ್ಲ. 32 ಕೋಟಿ ಘನ ಮೀಟರ್ ಮರಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತು ಹಾಕಿ, ಅದರ ಮೇಲೆ ಉದ್ಯೋಗ ಎಷ್ಟು ಹುಟ್ಟಿತು ಎಂದು ಕೇಳುತ್ತಿದ್ದೇನೆ. ಕಾರ್ಖಾನೆ ಮುಚ್ಚಿದರೆ ಷೆಡ್ಡು ಕಿತ್ತು ಗುಜರಿಗೆ ಹಾಕಬಹುದು. ದ್ವೀಪ ದಿವಾಳಿಯೆದ್ದರೆ ತಳವನ್ನು ವಾಪಸು ಮಾಡುವ ರಿಸೀವರ್ ಯಾವ ಕೋರ್ಟಿನಲ್ಲೂ ಇಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂದು ಒಬ್ಬರು ಗಾದೆಯಲ್ಲೇ ಪತ್ರ ಮುಗಿಸಿದ್ದಾರೆ. ಗಾದೆ ಒಳ್ಳೆಯದು. ಕೆಸರು ಯಾರದು, ಮೊಸರು ಯಾರದು ಎಂದು ಅದಕ್ಕೆ ಒಂದು ಸಾಲು ಸೇರಿಸಿಕೊಳ್ಳಲಿ.

ದೋಹಾದಿಂದ ಬಂದ ಒಂದು ಪತ್ರದಲ್ಲಿ ಸಿಟ್ಟಿದೆ. ಬಿಳಿಯರು ಮಾಡಿದರೆ ಸಾಹಸ, ಅರಬರು ಮಾಡಿದರೆ ಅಪರಾಧವೋ? ನೆದರ್ಲೆಂಡ್ಸಿನ ಎಷ್ಟೋ ನೆಲ ಕಡಲಿನಿಂದ ಕಿತ್ತದ್ದಲ್ಲವೇ? ಸಿಟ್ಟಿಗೆ ಅರ್ಧ ಅಂಕ ಕೊಡುತ್ತೇನೆ. ಪಡುವಣದ ಪತ್ರಿಕೆಗಳಿಗೆ ದುಬೈಯನ್ನು ಬೈಯುವುದರಲ್ಲಿ ಒಂದು ರುಚಿ ಇದೆ, ನಾನೂ ಕಂಡಿದ್ದೇನೆ. ಆದರೆ ಹೂಳೆತ್ತುವ ಹಡಗು ಯಾವ ದೇಶದ್ದೆಂದು ಆಗಲೇ ಹೇಳಿದೆ. ಕಟ್ಟಿಸಿದವರು ಅರಬರು, ಕಟ್ಟಿಕೊಟ್ಟವರು ಬಿಳಿಯರು, ಹೊತ್ತವರು ನಾವು. ಮೂವರೂ ಪಾಲುದಾರರೇ.

ಡಚ್ಚರದೇ ಇನ್ನೊಂದು ದ್ವೀಪದ ಕತೆ ಹೇಳುತ್ತೇನೆ, ನಾನು ಕೃತಕ ದ್ವೀಪ ಎಂದ ಕೂಡಲೇ ಮೈಮೇಲೆ ಬಂದವನ ಹಾಗೆ ಕುಣಿಯುವವನಲ್ಲ ಎಂದು ತೋರಿಸಲಿಕ್ಕಾದರೂ. ಮಾರ್ಕರ್‌ಮೇರ್ ಎಂಬ ಅವರ ದೊಡ್ಡ ಸರೋವರಕ್ಕೆ 1970ರ ದಶಕದಲ್ಲಿ ಹಾಕಿದ ಒಡ್ಡಿನಿಂದ ನೀರಿನ ಓಟ ಕೆಟ್ಟಿತು. ತಳದಲ್ಲಿ ನುಣ್ಣನೆಯ ಕೆಸರು ತುಂಬಿ ಮೀನು, ಹಕ್ಕಿ ಎರಡೂ ಕಡಿಮೆಯಾದವು. 2016ರಿಂದ ಆ ಕೆಸರನ್ನೇ ಎತ್ತಿ, ಮರಳಿನ ಅಂಚು ಕೊಟ್ಟು ಅಲ್ಲಿ ದ್ವೀಪಗಳನ್ನು ಮಾಡಿದರು, ಮಾರ್ಕರ್ ವಾಡೆನ್ ಎಂದು. ಯಾರಿಗೆ? ಹಕ್ಕಿಗಳಿಗೆ. ಮನುಷ್ಯರು ನೋಡಲು ಹೋಗಬಹುದು, ಒಂದು ಮೂಲೆಗೆ. ತಾವೇ ಕಟ್ಟಿದ ಒಡ್ಡಿನ ಪಾಪವನ್ನು ತಾವೇ ತೊಳೆದುಕೊಂಡ ಕೆಲಸ ಅದು. ಅದನ್ನು ತೋರಿಸಿ ತಾಳೆಗರಿಯ ವಿಲ್ಲಾಗಳನ್ನು ಸಮರ್ಥಿಸುವುದು ಆಸ್ಪತ್ರೆಯ ಕತ್ತಿ ತೋರಿಸಿ ಕಸಾಯಿಖಾನೆಗೆ ಲೈಸೆನ್ಸ್ ಕೇಳಿದ ಹಾಗೆ.

ಮಾಲ್ಡೀವ್ಸಿನ ಹೆಸರು ಎತ್ತಿದವರು ಮೂವರು. ಮುಳುಗುವ ದೇಶ ಅದು, ನೆಲ ಎತ್ತರಿಸದೆ ಏನು ಮಾಡಬೇಕು ಎಂದು ಕೇಳುತ್ತಾರೆ. ಇಲ್ಲಿ ಎರಡು ಬೇರೆ ಬೇರೆ ಗಂಟುಗಳನ್ನು ಒಂದೇ ತಲೆಯ ಮೇಲೆ ಹೊರಿಸುತ್ತಿದ್ದೀರಿ. ಮಾಲೆಯ ಪಕ್ಕದ ಹುಲುಮಾಲೆ 1997ರಿಂದ ಮರಳು ತುಂಬಿ ಸುಮಾರು 2 ಮೀಟರ್ ಎತ್ತರಿಸಿದ ನೆಲ. ಜನ ವಾಸಕ್ಕೆ. ಆ ದೇಶದ ನೆಲದ ಐದರಲ್ಲಿ ನಾಲ್ಕು ಪಾಲು ಸಮುದ್ರಕ್ಕಿಂತ ಒಂದು ಮೀಟರ್ ಕೂಡ ಮೇಲಿಲ್ಲ. ಉಸಿರಾಡಲು ಎತ್ತರ ಬೇಕು ಎಂದವನ ಜೊತೆ ನನಗೆ ವಾದವಿಲ್ಲ. ಆದರೆ 2019ರಲ್ಲಿ ತೆರೆದ ‘ಕ್ರಾಸ್‌ರೋಡ್ಸ್’ ರೆಸಾರ್ಟಿನ ದ್ವೀಪಗಳನ್ನು ಎಂಬೂಧೂ ಲಗೂನಿನಲ್ಲಿ ಸುರಿದದ್ದು ಯಾವ ನಿರಾಶ್ರಿತನಿಗಾಗಿ?

ಅಡ್ಡು ಹವಳದ್ವೀಪದ ವಿಷಯ ಇನ್ನೂ ಹತ್ತಿರದ್ದು, ಯಾಕೆಂದರೆ ಅದರಲ್ಲಿ ನಮ್ಮ ದುಡ್ಡಿದೆ. 2020ರಲ್ಲಿ ಯುನೆಸ್ಕೋ ಜೀವಗೋಲ ಮೀಸಲು ಎಂದು ಗುರುತಿಸಿದ ಜಾಗ ಅದು. ಎರಡೇ ವರ್ಷದ ನಂತರ ಅಲ್ಲಿನ ಲಗೂನಿನಿಂದ 50 ಲಕ್ಷ ಘನ ಮೀಟರ್ ಮರಳು ಬಾಚಿ ಹೊಸ ನೆಲ ತುಂಬುವ, ಜೊತೆಗೆ ಮೂರು ರೆಸಾರ್ಟ್ ದ್ವೀಪ ಮಾಡುವ ಯೋಜನೆ ಬಂತು. ಸಾಲ ಕೊಟ್ಟದ್ದು ಭಾರತದ ಎಕ್ಸಿಮ್ ಬ್ಯಾಂಕ್. ಗುತ್ತಿಗೆ ಮತ್ತೆ ಅದೇ ವಾನ್ ಓರ್ಡ್. ಇದರಿಂದ 21 ಹೆಕ್ಟೇರ್ ಹವಳ, 120 ಹೆಕ್ಟೇರ್ ಕಡಲಹುಲ್ಲು ಹೂತುಹೋಗುತ್ತದೆ ಎಂದು ಸರ್ಕಾರವೇ ಮಾಡಿಸಿದ ಪರಿಸರ ವರದಿ ಹೇಳಿತು. ವರದಿ ಬಂತು, ಹಡಗೂ ಬಂತು. ಹಾಗೆ ನೋಡಿದರೆ ಮುಳುಗುವ ದೇಶಕ್ಕೆ ಅಲೆ ತಡೆಯುವ ಮೊದಲ ಗೋಡೆಯೇ ಹವಳ. ಮನೆಗೆ ಕಳ್ಳರ ಭಯವೆಂದು ಕಾಂಪೌಂಡಿನ ಕಲ್ಲು ಕಿತ್ತು ಅತಿಥಿಗಳಿಗೆ ಕೋಣೆ ಕಟ್ಟಿಸುವವನನ್ನು ನಮ್ಮಲ್ಲಿ ಏನನ್ನುತ್ತಾರೆ?

ಉಳಿದದ್ದು ಮಂಗಳೂರಿನ ಒಬ್ಬ ಟ್ರಾವೆಲ್ಸ್ ಮಾಲೀಕರ ಪತ್ರ. ನಿಜ ಹೇಳಬೇಕೆಂದರೆ ಇಷ್ಟು ಬರೆಯಲು ಕೂರಿಸಿದ್ದೇ ಅದು. 2024ರ ಜನವರಿಯಲ್ಲಿ ಪ್ರಧಾನಿಗಳು ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ ಮಾಲ್ಡೀವ್ಸಿಗೆ ಸಡ್ಡು ಹೊಡೆಯುವ ಹುರುಪು ಎದ್ದಿತಲ್ಲ, ಆ ಹುರುಪು ಇವರಲ್ಲಿ ಇನ್ನೂ ಇಳಿದಿಲ್ಲ. ನೆಲ ಸಾಲದಿದ್ದರೆ ಲಗೂನಿನಲ್ಲಿ ಹೊಸ ದ್ವೀಪ ಮಾಡೋಣ, ದುಬೈ ಮಾಡಿದ್ದು ನಮಗೇನು ಅಸಾಧ್ಯವೇ, ನಿಮ್ಮಂಥವರು ಅಡ್ಡಗಾಲು ಹಾಕದಿದ್ದರೆ ಸಾಕು ಎನ್ನುತ್ತಾರೆ.

ಅಡ್ಡಗಾಲು ಹಾಕಲು ನನಗೊಂದು ಹಳೆಯ ಸಲಿಗೆಯಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವೇ. ಅಲ್ಲಿನ ತೆಂಗಿನ ಹುರಿ ನಮ್ಮ ಬಂದರಿಗೆ ಬರುತ್ತಿತ್ತು, ನಮ್ಮ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಇಡೀ ಲಕ್ಷದ್ವೀಪ ಸೇರಿಸಿದರೆ 32 ಚದರ ಕಿಲೋಮೀಟರ್. ಆ ನೆಲವೂ ಹವಳದ್ದೇ, ದಡದ ಬಿಳಿ ಮರಳೂ ಹವಳದ ಪುಡಿಯೇ. ನೀರು ಬಿಸಿಯಾಗಿ 1998, 2010, 2016, 2024ರಲ್ಲಿ ಅಲ್ಲಿನ ಹವಳ ಬಿಳಿಚಿಕೊಂಡಿತು. ಎರಡೂವರೆ ದಶಕದಲ್ಲಿ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿದೆ. ಹೀಗೆ ಜ್ವರ ಬಿದ್ದು ಎದ್ದು ಬೀಳುತ್ತಿರುವ ಮೈಮೇಲೆ ಡ್ರೆಜ್ಜರ್ ಹತ್ತಿಸಬೇಕು ಎನ್ನುತ್ತೀರಿ.

ಮಾಲೀಕರೇ, ನಿಮ್ಮ ಕಚೇರಿಯಿಂದ ಹಳೆ ಬಂದರು ದೂರವಿಲ್ಲ. ಸೆಪ್ಟೆಂಬರ್ ನಡುವಿಗೆ ಕಡಲು ತೆರೆಯುತ್ತದೆ, ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು ಸರಕು ತುಂಬಲು ನಿಲ್ಲುತ್ತವೆ. ಒಂದು ಬೆಳಿಗ್ಗೆ ಬನ್ನಿ, ನಾನೂ ಬರುತ್ತೇನೆ. ಈರುಳ್ಳಿ, ಅಕ್ಕಿ, ಸಿಮೆಂಟು, ಜಲ್ಲಿ ಹಲಗೆಯ ಮೇಲೆ ಒಂದೊಂದೇ ಹೆಗಲಿನಿಂದ ಒಳಗೆ ಇಳಿಯುತ್ತಿರುತ್ತವೆ. ಅವುಗಳ ನಡುವೆ ಬಾಯಿ ಹೊಲಿದ ಬೇರೆ ಚೀಲಗಳೂ ಇರುತ್ತವೆ, ಮನೆ ಕಟ್ಟುವ ಮರಳಿನವು. ದಡದ ಮರಳನ್ನು ಮುಟ್ಟಿದರೆ ದ್ವೀಪವೇ ಉಳಿಯದೆಂದು ಗೊತ್ತಿರುವ ಜನ ಒಂದು ಕೋಣೆ ಕಟ್ಟಲಿಕ್ಕೂ ಮರಳನ್ನು ಮಂಗಳೂರಿನಿಂದ ತರಿಸಿಕೊಳ್ಳುತ್ತಾರೆ. ಅಲ್ಲಿಗೆ ತಲುಪುವ ಹೊತ್ತಿಗೆ ಒಂದು ಚೀಲಕ್ಕೆ ಎಷ್ಟು ಬೀಳುತ್ತದೆ ಎಂದು ಮಂಜಿಯ ತಂಡೇಲನನ್ನು ನೀವೇ ಕೇಳಿ.